ಬೋರ್‌ವೆಲ್ ನೀರಿಗೆ ಪೆಟ್ರೋಲ್ ವಾಸನೆ: ‘ಬ್ಯಾಕ್ಟೀರಿಯಾ ಪುಡಿ’ ಸುರಿದರೆ ಸರಿಹೋಗುತ್ತಾ?

ತೆಂಗಿನತೋಟ
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಕಡೆ ಒಂದು ಹಳ್ಳಿ. ಮೂರು ಎಕರೆ ತೆಂಗು. ಮನೆ ಹಿಂದೆ ಅಪ್ಪನ ಕಾಲದ ಬೋರ್ ಇದೆ, 110 ಅಡಿ. ರಸ್ತೆ ಬದಿಗೆ ಒಂದು ಪೆಟ್ರೋಲ್ ಬಂಕ್, ಬೋರ್‌ನಿಂದ ಹೆಚ್ಚು ಕಡಿಮೆ 80 ಹೆಜ್ಜೆ. ಹೆಸರು ಬೇಡ, ಅವರ ಜೊತೆ ಮಾತುಕತೆ ನಡೆಯುತ್ತಿದೆ. ಅವರ ನೆಲದೊಳಗಿನ ಟ್ಯಾಂಕ್ ಸೋರಿದೆ ಅಂತ ಹೋದ ಮಳೆಗಾಲದಲ್ಲಿ ಗೊತ್ತಾಯಿತು. ಅವತ್ತಿನಿಂದ ಕುಡಿಯೋಕೆ ಕ್ಯಾನ್ ನೀರೇ ಗತಿ.

ಮೊದಲು ಮೋಟಾರ್ ಹಾಕಿದ ತಕ್ಷಣ ಗಮ್ಮಂತ ಪೆಟ್ರೋಲ್ ವಾಸನೆ ಬರುತ್ತಿತ್ತು. ಈಗ ಸ್ವಲ್ಪ ಕಡಿಮೆ. ಆದರೆ ಹೊಸದೊಂದು ಶುರುವಾಗಿದೆ. ರಾತ್ರಿ ಬಕೆಟ್‌ನಲ್ಲಿ ತಿಳಿಯಾಗಿ ಹಿಡಿದಿಟ್ಟ ನೀರು ಬೆಳಿಗ್ಗೆ ನೋಡಿದರೆ ಮೇಲೆ ತುಕ್ಕು ಬಣ್ಣದ ಪೊರೆ ಕಟ್ಟಿರುತ್ತೆ. ಇಷ್ಟು ವರ್ಷ ಹೀಗಿರಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಮೊನ್ನೆ ಒಬ್ಬರು ಬಂದು ಬ್ಯಾಕ್ಟೀರಿಯಾ ಪುಡಿ ಅಂತ ತೋರಿಸಿದರು. ಕೆಜಿಗೆ 1,800 ರೂಪಾಯಿ, ಹತ್ತು ಕೆಜಿ ಬೇಕಂತೆ. ನೀರಿನಲ್ಲಿ ಕಲಸಿ ಬೋರ್‌ಗೆ ಸುರಿದರೆ ಪೆಟ್ರೋಲ್ ಎಲ್ಲಾ ತಿಂದು ಮುಗಿಸುತ್ತಂತೆ. ಇದು ನಿಜವಾ, ಟೋಪಿಯಾ?

ಸುಮ್ನೆಬಂದವ
ಪೆಟ್ರೋಲ್ ಕುಡಿಯೋದರಲ್ಲಿ ನಮ್ಮ ಭಾವನ ಬುಲೆಟ್‌ಗಿಂತ ಜೋರಾದದ್ದು ಇದೆ ಅಂದ್ರೆ ನಂಬಕ್ಕಾಗಲ್ಲ ಮಾರಾಯ್ರೆ.

ಬೋರ್‌ಲಾರಿ
ಪುಡಿಗಿಡಿ ಬಿಡಿ ಅಣ್ಣ. ಕಂಪ್ರೆಸರ್ ತರಿಸಿ ಬೋರ್ ಫ್ಲಶ್ ಮಾಡಿಸಿ. ಆಮೇಲೆ ಒಂದು ವಾರ ಮೋಟಾರ್ ನಿಲ್ಲಿಸದೆ ಓಡಿಸಿ. ಹಳೇ ನೀರೆಲ್ಲ ಹೊರಗೆ ಹೋಗುತ್ತೆ.

ಕೆಮಿಸ್ಟ್ರಿಮೇಷ್ಟ್ರು
ಪುಡಿ ಆಮೇಲೆ ನೋಡೋಣ, ಮೊದಲು ನೀರಿನಲ್ಲಿ ಏನಿದೆ ಅಂತ ತಿಳಿಯಬೇಕು. ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಬೆರಕೆ. ಅದರಲ್ಲಿ ನೀರಿಗೆ ಜಾಸ್ತಿ ಇಳಿಯುವುದು ಉಂಗುರದ ಆಕಾರದವು: ಬೆಂಜೀನ್, ಟಾಲ್ಯೂಯಿನ್, ಕ್ಸೈಲೀನ್ ಇಂಥವು. ಇವನ್ನೇ ಅರೋಮ್ಯಾಟಿಕ್ ಅನ್ನುವುದು. ನಮ್ಮಲ್ಲಿ ಈಗ ಮಾರುವ ಪೆಟ್ರೋಲ್‌ನಲ್ಲಿ ಬೆಂಜೀನ್ ನೂರಕ್ಕೆ 1 ಭಾಗ ಮೀರುವಂತಿಲ್ಲ. ಒಂದೇ ಭಾಗ ತಾನೇ ಅನ್ನಬೇಡಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಒಂದು ಗ್ರಾಂ ಅನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಅಷ್ಟೇ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು ಅನ್ನುವುದರಲ್ಲಿ ಅನುಮಾನವೇ ಇಲ್ಲ. ವಾಸನೆ ಹೋಯಿತು ಅಂತ ಕುಡಿಯಬೇಡಿ. ಮೂಗಿಗೆ ಗೊತ್ತಾಗದಷ್ಟು ಕಡಿಮೆ ಇದ್ದರೂ ಮಿತಿಗಿಂತ ಹೆಚ್ಚಿರಬಹುದು. ಕುದಿಸಲೂ ಬೇಡಿ, ಅದು ಆವಿಯಾಗಿ ಅಡುಗೆಮನೆ ಗಾಳಿಗೆ ಸೇರುತ್ತದೆ.

ಈ ಉಂಗುರ ಯಾಕೆ ಗಟ್ಟಿ? ಆರು ಕಾರ್ಬನ್ ಇವೆ. ಅವುಗಳ ಆರು ಎಲೆಕ್ಟ್ರಾನ್ ಯಾರೊಬ್ಬರ ಸ್ವತ್ತೂ ಅಲ್ಲ, ಇಡೀ ಉಂಗುರದ ಸ್ವತ್ತು. ಆರು ಜನ ಅಣ್ಣತಮ್ಮಂದಿರ ಜಂಟಿ ಖಾತೆ ಜಮೀನು ಅಂದುಕೊಳ್ಳಿ. ಯಾವ ತುಂಡು ಯಾರದ್ದು ಅಂತ ಗುರುತೇ ಇಲ್ಲ. ಹೊರಗಿನವನು ಬಂದು ಒಬ್ಬನ ಪಾಲು ಮಾತ್ರ ಬರೆಸಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಈ ಒಗ್ಗಟ್ಟಿನಿಂದ ಬೆಂಜೀನ್‌ಗೆ ಸಿಗುವ ಹೆಚ್ಚಿನ ಭದ್ರತೆ ಮೋಲ್‌ಗೆ ಸುಮಾರು 150 ಕಿಲೋಜೌಲ್. ಕ್ಲಾಸಿನಲ್ಲಿ ಇದನ್ನು ಮೂವತ್ತು ವರ್ಷ ಹೇಳಿದ್ದೇನೆ. ಬ್ಯಾಕ್ಟೀರಿಯಾ ಇದನ್ನು ಹೇಗೆ ಒಡೆಯುತ್ತವೆ ಅಂತ ಒಬ್ಬ ಹುಡುಗನೂ ಕೇಳಲಿಲ್ಲ, ನಾನೂ ಓದಲಿಲ್ಲ. ಗೊತ್ತಿದ್ದವರು ಹೇಳಿ.

ಪ್ಲೇಟುಗಿತ್ತಿ
ಮೇಷ್ಟ್ರೇ, ನಿಮ್ಮ ಜಂಟಿ ಖಾತೆಯನ್ನು ನಾನು ಸಾಲ ತೆಗೆದುಕೊಳ್ತೀನಿ. ಮೈಕ್ರೋಬಯಾಲಜಿ ಎಂಎಸ್ಸಿ ಮಾಡುವಾಗ ಆರು ತಿಂಗಳು ಇದೇ ಕೆಲಸ ಮಾಡಿದ್ದೆ. ಉದ್ದ ಆಗುತ್ತೆ, ಕ್ಷಮಿಸಿ.

ಬ್ಯಾಕ್ಟೀರಿಯಾ ಮಾಡುವುದು ಪೋಡಿ ಕೆಲಸ. ಅದಕ್ಕೆ ಡೈಆಕ್ಸಿಜನೇಸ್ ಅನ್ನುವ ಕಿಣ್ವ ಇದೆ. ಹೆಸರಿನಲ್ಲೇ ಇರುವ ಹಾಗೆ, ಗಾಳಿಯ ಆಕ್ಸಿಜನ್ ಅಣುವಿನ ಎರಡೂ ಪರಮಾಣುಗಳನ್ನು ಉಂಗುರದ ಅಕ್ಕಪಕ್ಕದ ಎರಡು ಕಾರ್ಬನ್‌ಗಳ ಮೇಲೆ ಒಟ್ಟಿಗೆ ಕೂರಿಸುತ್ತದೆ. ಎರಡೂ ಒಂದೇ ಮಗ್ಗುಲಲ್ಲಿ. ಅಷ್ಟಾದರೆ ಆ ಇಬ್ಬರು ಅಣ್ಣತಮ್ಮಂದಿರು ಜಂಟಿ ಖಾತೆಯಿಂದ ಹೊರಗೆ ಬಂದ ಹಾಗೆ. ಉಂಗುರ ಇನ್ನೂ ಉಂಗುರವೇ, ಆದರೆ ಒಗ್ಗಟ್ಟು ಮುರಿಯಿತು.

ಆಕ್ಸಿಜನ್ ತಾನಾಗಿ ಹೋಗಿ ಬೆಂಜೀನ್ ಮೇಲೆ ಕೂರುವುದಿಲ್ಲ. ಹಾಗೆ ಕೂರುವಂತಿದ್ದರೆ ಬಂಕ್‌ನಲ್ಲಿ ಪೆಟ್ರೋಲೇ ಉಳಿಯುತ್ತಿರಲಿಲ್ಲ. ಅದನ್ನು ಕೆಣಕಬೇಕು, ಕೆಣಕಲು ಎಲೆಕ್ಟ್ರಾನ್ ಬೇಕು. ಬ್ಯಾಕ್ಟೀರಿಯಾ ತನ್ನ ಗಲ್ಲಾಪೆಟ್ಟಿಗೆಯಿಂದ ಎರಡು ಎಲೆಕ್ಟ್ರಾನ್ ತೆಗೆದು ಕೊಡುತ್ತದೆ. ಆ ಗಲ್ಲಾಪೆಟ್ಟಿಗೆಗೆ ಎನ್‌ಎಡಿಎಚ್ ಅಂತ ಹೆಸರು. ಎಲೆಕ್ಟ್ರಾನ್ ಕೈಯಿಂದ ಕೈಗೆ ದಾಟುತ್ತದೆ. ಮೊದಲು ರಿಡಕ್ಟೇಸ್ ಪ್ರೋಟೀನ್, ಆಮೇಲೆ ಫೆರೆಡಾಕ್ಸಿನ್ ಅನ್ನುವ ಪುಟ್ಟ ಪ್ರೋಟೀನ್, ಕೊನೆಗೆ ಡೈಆಕ್ಸಿಜನೇಸ್. ಅದರ ಹೊಟ್ಟೆಯೊಳಗೆ, ಕೆಲಸ ನಡೆಯುವ ಜಾಗದಲ್ಲಿ, ಒಂದು ಒಂಟಿ ಕಬ್ಬಿಣದ ಪರಮಾಣು ಕೂತಿದೆ. ಎರಡು ಹಿಸ್ಟಿಡಿನ್, ಒಂದು ಆಸ್ಪಾರ್ಟೇಟ್ ಸೇರಿ ಅದನ್ನು ಹಿಡಿದುಕೊಂಡಿವೆ, ಮೂರು ಬೆರಳಲ್ಲಿ ಗೋಲಿ ಹಿಡಿದ ಹಾಗೆ. ಇನ್ನುಳಿದ ಕಡೆ ಖಾಲಿ. ಆ ಖಾಲಿ ಕಡೆಗೆ ಆಕ್ಸಿಜನ್ ಬಂದು ಅಂಟುತ್ತದೆ, ಎದುರಿಗೆ ಬೆಂಜೀನ್ ನಿಂತಿರುತ್ತದೆ. ನ್ಯಾಫ್ತಲೀನ್ (ಬಟ್ಟೆ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆ) ಮೇಲೆ ಕೆಲಸ ಮಾಡುವ ಇಂಥ ಕಿಣ್ವದ ಪೂರ್ತಿ ಆಕಾರ 1998ರಲ್ಲಿ ಸಿಕ್ಕಿತು. ನೋಡೋಕೆ ಥೇಟ್ ಅಣಬೆ.

ನನಗೆ ತುಂಬಾ ಇಷ್ಟವಾದದ್ದು ಮುಂದಿನ ಹೆಜ್ಜೆ. ಇನ್ನೊಂದು ಕಿಣ್ವ ಬಂದು ಎರಡು ಹೈಡ್ರೋಜನ್ ಕಿತ್ತುಕೊಂಡು ಉಂಗುರವನ್ನು ಕ್ಯಾಟೆಕಾಲ್ ಮಾಡುತ್ತದೆ. ಆಗ ಎನ್‌ಎಡಿಎಚ್ ಒಂದು ವಾಪಸ್ ಸಿಗುತ್ತದೆ! ಮೊದಲ ಹೆಜ್ಜೆಗೆ ಖರ್ಚಾದದ್ದು ಎರಡನೇ ಹೆಜ್ಜೆಗೆ ಗಲ್ಲಾಪೆಟ್ಟಿಗೆಗೆ ಬಿತ್ತು. ಬೆಳಿಗ್ಗೆ ಕೈಸಾಲ, ಸಂಜೆ ವಸೂಲಿ.

ಕ್ಯಾಟೆಕಾಲ್ ಆದಮೇಲೆ ಉಂಗುರ ಕತ್ತರಿಸುವುದು ಸುಲಭ. ಎರಡು ರೀತಿ ಕತ್ತರಿಸಬಹುದು. ಎರಡು ಆಕ್ಸಿಜನ್ ಕೂತ ಕಾರ್ಬನ್‌ಗಳ ನಡುವೆಯೇ ಕತ್ತರಿ ಹಾಕುವ ಕಿಣ್ವ ಒಂದು, ಪಕ್ಕದ ಗಂಟಿಗೆ ಹಾಕುವ ಕಿಣ್ವ ಇನ್ನೊಂದು. ಮೊದಲನೆಯದರಿಂದ ಬಣ್ಣವಿಲ್ಲದ ವಸ್ತು ಬರುತ್ತದೆ. ಎರಡನೆಯದರಿಂದ ಹಳದಿ. ಹೋಳಿಗೆ ಕಣಕದ ಹಳದಿ ಅಲ್ಲ, ಅಪ್ಪಟ ನಿಂಬೆಹಣ್ಣಿನ ಹಳದಿ. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಮೇಲೆ ಬೆಳೆದ ಬಿಳಿ ಚುಕ್ಕೆಗಳಿಗೆ ಕ್ಯಾಟೆಕಾಲ್ ನೀರು ಸ್ಪ್ರೇ ಮಾಡಿ ಎಣಿಸುತ್ತಾ ಕೂತರೆ, ಕಿಣ್ವ ಇರುವ ಚುಕ್ಕೆ ಮಾತ್ರ ಕಣ್ಣೆದುರೇ ಹಳದಿ ತಿರುಗುತ್ತದೆ. ನಾನು ಮೊದಲ ಸಲ ನೋಡಿದಾಗ ಸ್ಪ್ರೇ ಬಾಟಲಿ ಕೈಯಲ್ಲೇ ಇತ್ತು, ಇಡುವುದೂ ಮರೆತಿದ್ದೆ. ಕ್ಯಾಟೆಕಾಲ್ ಅವತ್ತೇ ಕಲಸಬೇಕು, ಗಾಳಿಗೆ ಬಿಟ್ಟರೆ ಅದೇ ಕಂದು ತಿರುಗಿ ಮೋಸ ಮಾಡುತ್ತೆ.

ಉಂಗುರ ಬಿಚ್ಚಿ ದಾರವಾದರೆ ಕಥೆ ಮುಗಿದಂತೆ. ಉಳಿದದ್ದು ಸಕ್ಕರೆ ಜೀರ್ಣ ಆಗುವ ಅದೇ ಹಳೇ ದಾರಿಗೆ ಸೇರಿ, ಕೊನೆಗೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು.

ಇದನ್ನು ಬಿಡಿಸಿದವರ ಹೆಸರು ಹೇಳದಿದ್ದರೆ ತಪ್ಪಾಗುತ್ತೆ. ಕಿಣ್ವವೊಂದು ಗಾಳಿಯ ಆಕ್ಸಿಜನ್ ಅನ್ನು ನೇರವಾಗಿ ವಸ್ತುವಿಗೆ ಸೇರಿಸುತ್ತದೆ ಅಂತ 1955ರಲ್ಲಿ ತೋರಿಸಿದವರು ಜಪಾನಿನ ಒಸಾಮು ಹಯಾಯಿಶಿ. ಭಾರವಾದ ಆಕ್ಸಿಜನ್ ಕೊಟ್ಟು ಅದು ಎಲ್ಲಿ ಹೋಗಿ ಸೇರುತ್ತದೆ ಅಂತ ಹುಡುಕಿದರು. ಅಲ್ಲಿಯವರೆಗೆ ಜೀವಕೋಶದಲ್ಲಿ ಆಕ್ಸಿಜನ್ ಕೆಲಸ ಕೊನೆಯಲ್ಲಿ ಎಲೆಕ್ಟ್ರಾನ್ ಹಿಡಿದು ನೀರಾಗುವುದು ಮಾತ್ರ ಅಂತ ನಂಬಿದ್ದರು. ಬೆಂಜೀನ್ ಮೇಲೆ ಎರಡು ಆಕ್ಸಿಜನ್ ಒಂದೇ ಮಗ್ಗುಲಲ್ಲಿ ಕೂರುತ್ತವೆ ಅಂತ 1968ರಲ್ಲಿ ತೋರಿಸಿದ್ದು ಡೇವಿಡ್ ಗಿಬ್ಸನ್ ಮತ್ತು ಜೊತೆಗಾರರು, ಸ್ಯೂಡೊಮೊನಾಸ್ ಪುಟಿಡಾ ಅನ್ನುವ ಬ್ಯಾಕ್ಟೀರಿಯಾದಲ್ಲಿ.

ಪಿಯುಸಿಎರಡು
ಮೇಡಂ, ಒಂದು ಡೌಟ್. ಬೆಂಜೀನ್ ನಮ್ಮ ಹೊಟ್ಟೆಗೆ ಹೋದರೂ ನಮ್ಮ ಲಿವರ್ ಆಕ್ಸಿಜನ್ ಸೇರಿಸುತ್ತೆ ಅಲ್ವಾ? ಹಾಗಾದ್ರೆ ನಮಗೆ ಯಾಕೆ ಕ್ಯಾನ್ಸರ್, ಬ್ಯಾಕ್ಟೀರಿಯಾಗೆ ಯಾಕೆ ಊಟ?

ಪ್ಲೇಟುಗಿತ್ತಿ
ಶಭಾಷ್ ಪುಟ್ಟ. ಗಿಬ್ಸನ್ ಮಾಡಿದ್ದು ಯಾಕೆ ದೊಡ್ಡ ವಿಷಯ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ನಮ್ಮ ಲಿವರ್ ಕಿಣ್ವ ಆಕ್ಸಿಜನ್‌ನ ಒಂದೇ ಪರಮಾಣು ಕೂರಿಸುತ್ತದೆ. ಆ ಒಂದು ಪರಮಾಣು ಎರಡು ಕಾರ್ಬನ್‌ಗಳ ಮೇಲೆ ಕಾಲು ಚಾಚಿ ತ್ರಿಕೋನದ ಥರ ಕೂರುತ್ತದೆ. ಅದಕ್ಕೆ ಎಪಾಕ್ಸೈಡ್ ಅನ್ನುತ್ತಾರೆ. ಅದು ನೆಮ್ಮದಿಯಿಲ್ಲದ ವಸ್ತು, ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿ ಬೆಂಜೋಪೈರೀನ್ ಅಂತ ಐದು ಉಂಗುರದ್ದೊಂದು ಇದೆಯಲ್ಲ, ಅದರ ಎಪಾಕ್ಸೈಡ್ ಹೋಗಿ ಡಿಎನ್‌ಎಗೇ ಅಂಟುತ್ತದೆ. ಬ್ಯಾಕ್ಟೀರಿಯಾ ಎರಡನ್ನೂ ಒಂದೇ ಏಟಿಗೆ ಕೂರಿಸುವುದರಿಂದ ಆ ತ್ರಿಕೋನವೇ ಬರುವುದಿಲ್ಲ. ಲಿವರ್‌ಗೆ ಬೇಕಾದದ್ದು ಅದನ್ನು ನೀರಿನಲ್ಲಿ ಕರಗಿಸಿ ಹೊರಗೆ ಹಾಕುವುದು. ಬ್ಯಾಕ್ಟೀರಿಯಾಗೆ ಬೇಕಾದದ್ದು ಊಟ.

ಸುಮ್ನೆಬಂದವ
ಒಂದು ಪ್ರಾಮಾಣಿಕ ಪ್ರಶ್ನೆ. ಈ ಕಿಣ್ವ ಇವಕ್ಕೆ ಎಲ್ಲಿಂದ ಬಂತು? ಬಂಕ್ ಬಂದು ನೂರು ವರ್ಷ ಆಗಿರಬಹುದು, ಅಷ್ಟೇ.

ಪ್ಲೇಟುಗಿತ್ತಿ
ಉಂಗುರಗಳು ಬಂಕ್‌ಗಿಂತ ಹಳೆಯವು ರೀ. ಕಟ್ಟಿಗೆಯ ಲಿಗ್ನಿನ್ ತುಂಬಾ ಉಂಗುರಗಳೇ. ಕಾಡ್ಗಿಚ್ಚಿನ ಬೂದಿಯಲ್ಲಿ ಇವೆ, ನೆಲದಿಂದ ತಾನಾಗಿ ಜಿನುಗುವ ಕಚ್ಚಾ ಎಣ್ಣೆಯಲ್ಲೂ ಇವೆ. ಜೊತೆಗೆ ಈ ಕಿಣ್ವಗಳ ಜೀನ್‌ಗಳು ಎಷ್ಟೋ ಸಲ ಪ್ಲಾಸ್ಮಿಡ್ ಅನ್ನುವ ಸಣ್ಣ ಡಿಎನ್‌ಎ ಬಳೆಗಳ ಮೇಲೆ ಇರುತ್ತವೆ. ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ಅದನ್ನು ದಾಟಿಸಬಹುದು. ಪಕ್ಕದ ಮನೆಗೆ ಹೆಪ್ಪು ಮಜ್ಜಿಗೆ ಕೊಟ್ಟ ಹಾಗೆ.

ಬೆಂಗಳೂರಿನದೇ ಒಂದು ಇದೆ. ಪೆಟ್ರೋಲ್ ಬಿದ್ದ ಮಣ್ಣಿನಿಂದ ಭಾರತೀಯ ವಿಜ್ಞಾನ ಸಂಸ್ಥೆಯವರು ಹೆಕ್ಕಿದ್ದು, 1994ರಲ್ಲಿ ಪ್ರಕಟಿಸಿದರು. ಸಿಎಸ್‌ವಿ86 ಅಂತ ಕರೆಯುತ್ತಾರೆ, ಈಗ ಸ್ಯೂಡೊಮೊನಾಸ್ ಭಾರತಿಕಾ ಅನ್ನುವ ಹೆಸರೂ ಬಂದಿದೆ. ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಮುಂದೆ ಗ್ಲೂಕೋಸ್ ಮತ್ತು ನ್ಯಾಫ್ತಲೀನ್ ಎರಡೂ ಇಟ್ಟರೆ ಗ್ಲೂಕೋಸ್ ಮೊದಲು ಖಾಲಿ. ಇದು ಉಲ್ಟಾ. ನುಸಿಗುಳಿಗೆ ಮೊದಲು, ಗ್ಲೂಕೋಸ್ ಆಮೇಲೆ! ಹೋಳಿಗೆ ಪಕ್ಕಕ್ಕೆ ತಳ್ಳಿ ಹಾಗಲಕಾಯಿ ಗೊಜ್ಜಿಗೆ ಕೈ ಹಾಕುವ ನೆಂಟರ ಥರ. ಐಐಟಿ ಬಾಂಬೆಯವರು ಇದನ್ನು 2006ರಲ್ಲಿ ವಿವರವಾಗಿ ತೋರಿಸಿದರು.

ನುಸಿಗುಳಿಗೆ ಅಂದಮೇಲೆ ಇದೊಂದು ಹೇಳಿ ಮುಗಿಸ್ತೀನಿ. ನಾವು ಊಟ ಹಾಕುತ್ತಿದ್ದುದು ಹೀಗೆ: ಪ್ಲೇಟ್ ಮಗುಚಿ, ಮುಚ್ಚಳದೊಳಗೆ ನಾಲ್ಕು ಹರಳು ನ್ಯಾಫ್ತಲೀನ್. ಆವಿಯೇ ಊಟ. ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ ಅಜ್ಜಿಯ ಸೀರೆ ಪೆಟ್ಟಿಗೆ ತೆಗೆದ ಹಾಗಿರುತ್ತಿತ್ತು. ಇಂಡೋಲ್ ಅನ್ನುವ ವಸ್ತು ಕೊಟ್ಟರೆ ಇದೇ ಕಿಣ್ವ ಅದಕ್ಕೂ ಆಕ್ಸಿಜನ್ ಕೂರಿಸಿಬಿಡುತ್ತದೆ, ಆಮೇಲೆ ಅದು ತಾನಾಗಿ ನೀಲಿ ಬಣ್ಣವಾಗುತ್ತದೆ. ಬಟ್ಟೆಗೆ ಹಾಕುವ ಇಂಡಿಗೋ ನೀಲಿಯೇ. 1983ರಲ್ಲಿ ಇದು ಆಕಸ್ಮಿಕವಾಗಿ ಗೊತ್ತಾದಾಗ ಬ್ಯಾಕ್ಟೀರಿಯಾದಿಂದ ಜೀನ್ಸ್ ಬಣ್ಣ ತೆಗೆಯಬಹುದು ಅಂತ ದೊಡ್ಡ ಸುದ್ದಿಯಾಗಿತ್ತು.

ತೆಂಗಿನತೋಟ
ಮೇಡಂ, ಓದಿ ಖುಷಿಯಾಯಿತು. ಅಂದರೆ ಪುಡಿಯವನು ಹೇಳಿದ್ದು ನಿಜ ಅಂತಾಯಿತಲ್ಲ? ತಗೊಳ್ಳಲಾ?

ಹ್ಯೂಸ್ಟನ್‌ಕನ್ನಡಿಗ
ತಗೊಳ್ಳಬೇಡಿ. ಇಲ್ಲಿ ಟೆಕ್ಸಾಸ್‌ನಲ್ಲಿ ಸೋರಿದ ಟ್ಯಾಂಕ್‌ಗಳ ಸುತ್ತಲಿನ ಅಂತರ್ಜಲ ಸರಿಮಾಡುವ ಕೆಲಸದಲ್ಲೇ ಹನ್ನೆರಡು ವರ್ಷ ಕಳೆದಿದ್ದೇನೆ.

ಪ್ಲೇಟುಗಿತ್ತಿಯವರು ಹೇಳಿದ್ದನ್ನು ಮತ್ತೊಮ್ಮೆ ಓದಿ. ಕಿಣ್ವದ ಮೊದಲ ಹೆಜ್ಜೆಗೇ ಆಕ್ಸಿಜನ್ ಬೇಕು. ಕೊನೆಯ ಹೆಜ್ಜೆಗೂ ಬೇಕು. ಈಗ ಲೆಕ್ಕ ಹಾಕೋಣ. ಒಂದು ಗ್ರಾಂ ಬೆಂಜೀನ್ ಪೂರ್ತಿ ಜೀರ್ಣವಾಗಿ ಹೋಗಲು ಸುಮಾರು 3 ಗ್ರಾಂ ಆಕ್ಸಿಜನ್ ಬೇಕು. ಗಾಳಿಯಾಡುವ ನೀರಿನಲ್ಲಿ ಲೀಟರಿಗೆ ಇರುವ ಆಕ್ಸಿಜನ್ ಸುಮಾರು 8 ಮಿಲಿಗ್ರಾಂ. ಅಂದರೆ ಒಂದೇ ಒಂದು ಗ್ರಾಂ ಬೆಂಜೀನ್‌ಗೆ 380 ಲೀಟರ್ ನೀರಿನ ಆಕ್ಸಿಜನ್ ಖಾಲಿ, ಹತ್ತಿರ ಹತ್ತಿರ ಎರಡು ಡ್ರಮ್. ನಿಮ್ಮಲ್ಲಿ ಸೋರಿದ್ದು ಗ್ರಾಂ ಲೆಕ್ಕದಲ್ಲಿ ಅಲ್ಲ, ಅದೂ ನೆಲದ ಕೆಳಗೆ. ಅಲ್ಲಿನ ಆಕ್ಸಿಜನ್ ಮೊದಲ ಕೆಲವೇ ವಾರದಲ್ಲಿ ಮುಗಿದಿರುತ್ತದೆ. ಬ್ಯಾಕ್ಟೀರಿಯಾ ಈಗಾಗಲೇ ಅಲ್ಲಿವೆ. ಎಲೆ ಹಾಕಿಕೊಂಡು ಕೂತಿವೆ, ಬಡಿಸಲು ಅನ್ನವೂ ಇದೆ, ಉಸಿರಾಡಲು ಗಾಳಿ ಇಲ್ಲ. ಅದೇ ಪಂಕ್ತಿಗೆ ಹತ್ತು ಕೆಜಿ ನೆಂಟರನ್ನು ಕಳಿಸಿ ಏನು ಮಾಡುತ್ತೀರಿ?

1989ರ ಮಾರ್ಚ್‌ನಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಬಂಡೆಗೆ ಬಡಿದು ಸುಮಾರು 37,000 ಟನ್ ಕಚ್ಚಾ ಎಣ್ಣೆ ಚೆಲ್ಲಿತು. ಅಲ್ಲಿನ ಕಡಲತೀರಕ್ಕೆ ಹಾಕಿದ್ದು ಗೊಬ್ಬರ. ಅಲ್ಲಿ ಅಲೆ ಬಡಿಯುತ್ತದೆ, ಗಾಳಿಗೆ ಬರವಿಲ್ಲ. ಆದರೆ ಎಣ್ಣೆಯಲ್ಲಿ ಬರೀ ಕಾರ್ಬನ್, ಮೈ ಬೆಳೆಯಲು ಸಾರಜನಕ, ರಂಜಕ ಇಲ್ಲ. ಅದನ್ನು ಕೊಟ್ಟಾಗ ಅಲ್ಲಿದ್ದ ಬ್ಯಾಕ್ಟೀರಿಯಾಗಳೇ ಚುರುಕಾದವು. ಹೊರಗಿಂದ ತಂದ ಬ್ಯಾಕ್ಟೀರಿಯಾ ಪುಡಿಗಳನ್ನೂ ಅಲ್ಲಿ ಪರೀಕ್ಷಿಸಿದರು. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಬೋರ್‌ಲಾರಿ ಅಣ್ಣನಿಗೂ ಒಂದು ಮಾತು. ವಾರಗಟ್ಟಲೆ ಮೋಟಾರ್ ಓಡಿಸಿದರೆ ಬಂಕ್ ಕೆಳಗಿನ ನೀರನ್ನು ಬೋರ್ ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಗಾಳಿ ಬೇಕಾದದ್ದೇ, ಆದರೆ ಬೋರ್ ಒಳಗೆ ರಭಸದಿಂದ ಅಲ್ಲ. ಸೋರಿದ ಜಾಗದ ಮಣ್ಣಿಗೆ, ಸಣ್ಣ ಪೈಪುಗಳಲ್ಲಿ, ನಿಧಾನವಾಗಿ. ಒಂದು ಲೀಟರ್ ಗಾಳಿಯಲ್ಲಿ ಒಂದು ಲೀಟರ್ ನೀರಿಗಿಂತ 30 ಪಟ್ಟು ಜಾಸ್ತಿ ಆಕ್ಸಿಜನ್ ಇದೆ. ಅದಕ್ಕೇ ಗಾಳಿ ಅಗ್ಗ. ಪೆಟ್ರೋಲ್ ಆವಿ ಇರುವ ಕಡೆ ಇದನ್ನು ಗೊತ್ತಿರುವವರೇ ಮಾಡಬೇಕು, ಕಿಡಿ ಬಿದ್ದರೆ ಮುಗಿಯಿತು.

ಬೋರ್‌ಲಾರಿ
ಒಪ್ಪಿದೆ ಸಾರ್. ಎಳೆದುಕೊಳ್ಳುತ್ತೆ ಅನ್ನೋದು ಹೊಳೆದಿರಲಿಲ್ಲ.

ಎಣ್ಣೆಗದ್ದೆ
ಹ್ಯೂಸ್ಟನ್ ಅವರೇ, ಪುಡಿ ಅಂದರೆ ಎಲ್ಲಾ ಸುಳ್ಳು ಅನ್ನುವುದೂ ಸರಿಯಲ್ಲ. ನಾನು ಅಸ್ಸಾಂನ ಎಣ್ಣೆ ಬಾವಿಗಳ ಕಡೆ ಕೆಲಸ ಮಾಡಿದವನು. ದೆಹಲಿಯ ಟೆರಿ ಸಂಸ್ಥೆಯ ಆಯಿಲ್‌ಜ್ಯಾಪರ್ ಅಂತ ಇದೆ. ಕೆಲವು ಬ್ಯಾಕ್ಟೀರಿಯಾಗಳನ್ನು ಮೆಕ್ಕೆಜೋಳದ ದಿಂಡಿನ ಪುಡಿಗೆ ಬೆರೆಸಿ ಮಾಡಿದ್ದು. ಎಣ್ಣೆ ರಾಡಿ ತುಂಬಿದ ಗುಂಡಿಗಳಿಗೆ ನಮ್ಮ ತೈಲ ಕಂಪನಿಗಳು ಅದನ್ನು ಬಳಸಿವೆ.

ಹ್ಯೂಸ್ಟನ್‌ಕನ್ನಡಿಗ
ಸರಿಯಾಗಿ ಹೇಳಿದಿರಿ. ಆದರೆ ಅಲ್ಲಿ ರಾಡಿಯನ್ನು ನೆಲದ ಮೇಲೆ ಹರಡುತ್ತಾರೆ, ಉಳುತ್ತಾರೆ, ನೀರು, ಗೊಬ್ಬರ ಕೊಡುತ್ತಾರೆ, ಅಲ್ವಾ? ಉತ್ತಾಗ ಗಾಳಿ ಸೇರುತ್ತದೆ. ಅದನ್ನೇ 110 ಅಡಿ ಬೋರ್‌ಗೆ ಸುರಿದರೆ ಉಳುವವರು ಯಾರು?

ಎಣ್ಣೆಗದ್ದೆ
ಹೂಂ, ವಾರಕ್ಕೊಮ್ಮೆ ಟ್ರ್ಯಾಕ್ಟರ್ ಓಡಿಸುತ್ತಿದ್ದೆವು. ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಕೆಮಿಸ್ಟ್ರಿಮೇಷ್ಟ್ರು
ಆನಂದ ಚಕ್ರವರ್ತಿಯವರ ಬ್ಯಾಕ್ಟೀರಿಯಾ ಏನಾಯಿತು? ಎಣ್ಣೆ ತಿನ್ನಲಿ ಅಂತ ಅಮೆರಿಕದಲ್ಲಿ ನಾಲ್ಕು ಥರದ ಪ್ಲಾಸ್ಮಿಡ್ ಒಂದರಲ್ಲೇ ಸೇರಿಸಿದ್ದರು. ಜೀವಿಗೆ ಪೇಟೆಂಟ್ ಕೊಡಬಹುದಾ ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1980ರಲ್ಲಿ 5-4ರಿಂದ ಗೆದ್ದರು.

ಹ್ಯೂಸ್ಟನ್‌ಕನ್ನಡಿಗ
ಕೋರ್ಟಿನಲ್ಲಿ ಗೆದ್ದಿತು, ಸಮುದ್ರಕ್ಕೆ ಇಳಿಯಲಿಲ್ಲ ಮೇಷ್ಟ್ರೇ. ಇಡೀ ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ಆ ತೀರ್ಪು ಬುನಾದಿಯಾಯಿತು, ಅದು ಬೇರೆ ವಿಷಯ.

ಪ್ಲೇಟುಗಿತ್ತಿ
ತೆಂಗಿನತೋಟ ಅಣ್ಣ, ನಿಮ್ಮ ಬಕೆಟ್ ವಿಷಯ ರಾತ್ರಿಯಿಡೀ ತಲೆಯಲ್ಲಿತ್ತು. ಆ ತುಕ್ಕಿನ ಪೊರೆಯನ್ನು ನಾವೆಲ್ಲ ಬಿಟ್ಟೇಬಿಟ್ಟೆವು.

ಆಕ್ಸಿಜನ್ ಮುಗಿದಮೇಲೆ ಎಲ್ಲವೂ ಕೈಕಟ್ಟಿ ಕೂರುವುದಿಲ್ಲ. ಬೇರೆ ಜಾತಿಯ ಬ್ಯಾಕ್ಟೀರಿಯಾ ಎದ್ದೇಳುತ್ತವೆ. ಅವು ಆಕ್ಸಿಜನ್ ಬದಲು ನೈಟ್ರೇಟ್ ಉಸಿರಾಡುತ್ತವೆ, ಅದೂ ಮುಗಿದರೆ ಕಬ್ಬಿಣದ ತುಕ್ಕು. ನಮ್ಮ ಕಡೆಯ ಕೆಂಪು ಮಣ್ಣಿನ ಕೆಂಪು ಅದೇ ತುಕ್ಕು ತಾನೇ? ಜಿಯೋಬ್ಯಾಕ್ಟರ್ ಅನ್ನುವುದು ಟಾಲ್ಯೂಯಿನ್ ತಿಂದು, ಎಲೆಕ್ಟ್ರಾನ್‌ಗಳನ್ನು ತುಕ್ಕಿಗೆ ಕೊಡುತ್ತದೆ. ಆಗ ತುಕ್ಕು ನೀರಿನಲ್ಲಿ ಕರಗುವ ಕಬ್ಬಿಣವಾಗುತ್ತದೆ, ಬಣ್ಣ ಇರುವುದಿಲ್ಲ. ತಿಳಿಯಾಗಿಯೇ ಮೇಲೆ ಬರುತ್ತದೆ. ಬಕೆಟ್‌ನಲ್ಲಿ ರಾತ್ರಿಯೆಲ್ಲ ಗಾಳಿ ತಾಗಿದರೆ ಮತ್ತೆ ತುಕ್ಕು. ನೀವು ಬೆಳಿಗ್ಗೆ ನೋಡುತ್ತಿರುವ ಪೊರೆ ಅದೇ ಇರಬಹುದು. ಪೊರೆಯೊಂದೇ ಸಾಕ್ಷಿಗೆ ಸಾಲದು, ನೀರು ಟೆಸ್ಟ್ ಮಾಡಿಸಿ.

ಅಲ್ಲಿ ಕಿಣ್ವವೂ ಬೇರೆ. ಆಕ್ಸಿಜನ್ ಇಲ್ಲದೆ ಉಂಗುರ ಮುಟ್ಟುವುದು ಕಷ್ಟ, ಹಾಗಾಗಿ ಟಾಲ್ಯೂಯಿನ್‌ನ ಬಾಲ ಹಿಡಿಯುತ್ತವೆ. ಟಾಲ್ಯೂಯಿನ್ ಅಂದರೆ ಉಂಗುರಕ್ಕೆ ಒಂದು ಕಾರ್ಬನ್ ಬಾಲ. ಆ ಬಾಲದಿಂದ ಒಂದು ಹೈಡ್ರೋಜನ್ ಕಿತ್ತು, ಫ್ಯೂಮರೇಟ್ ಅನ್ನುವ ಆಮ್ಲಕ್ಕೆ ಗಂಟು ಹಾಕುತ್ತವೆ. ಆಮೇಲೆ ನಿಧಾನವಾಗಿ ಉಂಗುರದ ಕೆಲಸ. ಗಮನಿಸಿ, ಬೆಂಜೀನ್‌ಗೆ ಬಾಲ ಇಲ್ಲ. ಹಿಡಿಯಲು ಏನೂ ಸಿಗುವುದಿಲ್ಲ. ಅದಕ್ಕೇ ಗಾಳಿಯಿಲ್ಲದ ಕಡೆ ಟಾಲ್ಯೂಯಿನ್ ಮೊದಲು ಹೋಗುತ್ತದೆ, ಬೆಂಜೀನ್ ಕೊನೆಗೆ ಉಳಿಯುತ್ತದೆ. ಬರೀ ವಾಸನೆ ಕಡಿಮೆಯಾಯಿತು ಅಂತ ನಂಬಬೇಡಿ. ಎರಡನ್ನೂ ಬೇರೆ ಬೇರೆಯಾಗಿ ಅಳೆಸಿ.

ಹ್ಯೂಸ್ಟನ್‌ಕನ್ನಡಿಗ
ಅಕ್ಕ, ನನ್ನ ಕೆಲಸವನ್ನೇ ಮಾಡಿಬಿಟ್ಟಿರಿ. ಮಿನ್ನೆಸೋಟಾದ ಬೆಮಿಡ್ಜಿ ಹತ್ತಿರ ಇದನ್ನೇ ನೋಡಿದ್ದು. 1979ರ ಆಗಸ್ಟ್‌ನಲ್ಲಿ ಪೈಪ್‌ಲೈನ್ ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾ ಎಣ್ಣೆ ಚೆಲ್ಲಿತು. ಎತ್ತುವಷ್ಟು ಎತ್ತಿದರು, ಉಳಿದದ್ದು ಉಳಿಯಿತು. 1983ರಿಂದ ಅಲ್ಲಿ ವಿಜ್ಞಾನಿಗಳು ಕೂತು ಅಳೆಯುತ್ತಿದ್ದಾರೆ. ನೆಲದೊಳಗಿನ ಬ್ಯಾಕ್ಟೀರಿಯಾ ಕಬ್ಬಿಣ ಉಸಿರಾಡಿ ಉಂಗುರಗಳನ್ನು ತಿನ್ನುತ್ತವೆ ಅನ್ನುವುದಕ್ಕೆ 1989ರಲ್ಲಿ ಸಾಕ್ಷಿ ಸಿಕ್ಕಿದ ಜಾಗಗಳಲ್ಲಿ ಅದೂ ಒಂದು. ಕೆಲಸ ಆಗುತ್ತದೆ, ಆದರೆ ದಶಕಗಳ ಲೆಕ್ಕ. ನಿಮಗೆ ಅಷ್ಟು ಕಾಯುವ ಹಣೆಬರಹ ಬೇಡ. ಬಂಕ್‌ನವರು ಹಳೇ ಟ್ಯಾಂಕ್ ತೆಗೆಸಿ, ನೆನೆದ ಮಣ್ಣು ಎತ್ತಿಸಿ, ಉಳಿದ ಮಣ್ಣಿಗೆ ಗಾಳಿ ಕೊಡಿಸಲಿ. ಮಾತುಕತೆಯಲ್ಲಿ ಪಟ್ಟು ಹಿಡಿಯಬೇಕಾದದ್ದು ಇದಕ್ಕೆ.

ತೆಂಗಿನತೋಟ
ಐದು ವಾರ ಆದಮೇಲೆ ಬರೀತಿದ್ದೀನಿ, ತಡ ಆಯಿತು. ಬೆಂಗಳೂರಿನ ಒಂದು ಲ್ಯಾಬ್‌ಗೆ ನೀರು ಕೊಟ್ಟಿದ್ದೆ. ಬಾಟಲಿ ಗಾಳಿಗುಳ್ಳೆ ಇಲ್ಲದ ಹಾಗೆ ತುಂಬಿಸಿ ಐಸ್‌ನಲ್ಲಿ ತನ್ನಿ ಅಂದರು, ಹಾಗೇ ತಂದೆ. ಟಾಲ್ಯೂಯಿನ್: ಪತ್ತೆಯಾಗಿಲ್ಲ. ಬೆಂಜೀನ್: ಮೇಷ್ಟ್ರು ಹೇಳಿದ ಮಿತಿಯ ನಾಲ್ಕು ಪಟ್ಟು. ಕರಗಿದ ಕಬ್ಬಿಣ ಜಾಸ್ತಿ ಇದೆ. ಮೇಡಂ ಹೇಳಿದ್ದು ಅಕ್ಷರಶಃ ಹಾಗೇ ಬಂದಿದೆ. ರಿಪೋರ್ಟ್ ನೋಡಿ ಬಂಕ್‌ನವರು ಟ್ಯಾಂಕ್ ಅಗೆಯಲು ಒಪ್ಪಿದ್ದಾರೆ, ಗಾಳಿ ಪೈಪಿನ ಖರ್ಚಿಗೆ ಇನ್ನೂ ಮೀನಮೇಷ ಎಣಿಸುತ್ತಿದ್ದಾರೆ. ಪುಡಿಯವರು ಮತ್ತೆ ಫೋನ್ ಮಾಡಿದ್ದರು. ಕೆಜಿಗೆ 1,500ಕ್ಕೆ ಇಳಿಸಿದ್ದಾರಂತೆ.

ಪ್ಲೇಟುಗಿತ್ತಿ
ಮೂರು ತಿಂಗಳಿಗೊಮ್ಮೆ ಅದೇ ಲ್ಯಾಬ್‌ನಲ್ಲೇ ಮಾಡಿಸಿ ಅಣ್ಣ, ಲ್ಯಾಬ್ ಬದಲಾಯಿಸಬೇಡಿ. ಬಾಟಲಿಯಲ್ಲಿ ಗುಳ್ಳೆ ಇದ್ದರೆ ಬೆಂಜೀನ್ ಆ ಗುಳ್ಳೆಗೇ ಸೇರಿಕೊಂಡು ಕಡಿಮೆ ತೋರಿಸುತ್ತೆ. ಮುಂದಿನ ರಿಪೋರ್ಟ್ ಬಂದಾಗ ಇಲ್ಲೇ ಹಾಕಿ.